ತಲೆಕೆಳಗಾದ ಚೌತಿ ಚಂದ್ರ

ಹದಿನೈದು ದಿನದಿಂದ ಮುಚ್ಚಿಕೊಂಡಿದ್ದ ಮೋಡ ಚೌತಿಯ ಬೆಳಿಗ್ಗೆ ಹರಿಯಿತು. ಬಿಸಿಲು ಕಂಡು ಊರು ಹಿಗ್ಗಿದರೆ ಮಹೇಶ್ವರಪ್ಪನ ಎದೆ ಡವಗುಟ್ಟಿತು. ಪಡುವಣ ಆಕಾಶಕ್ಕೆ ಬಾಲಚುಕ್ಕಿ ಬಂದಿದೆಯೆಂದು ಪತ್ರಿಕೆಯಲ್ಲಿ ಓದಿ ಆಗಲೇ ಬಹಳ ದಿನವಾಗಿತ್ತು. ದಿನದಿನಕ್ಕೂ ಮಂಕಾಗುತ್ತಿದೆ, ಇನ್ನೆರಡು ದಿನ ಕಂಡರೆ ಹೆಚ್ಚು ಎಂದು ನಿನ್ನೆ ಬರೆದಿದ್ದರು. ಅವನ ಬಳಿ ಇದ್ದದ್ದು ತಗಡಿನ ಕೊಳವೆ. ಒಂದು ತುದಿಗೆ ಗಡಿಯಾರ ರಿಪೇರಿಯವನ ಭೂತಗನ್ನಡಿ, ಇನ್ನೊಂದಕ್ಕೆ ಹಳೆಯ ಚಾಳೀಸಿನ ಗಾಜು. ಅದರಲ್ಲಿ ಚಂದ್ರನೇ ಹಾಲಿಗೆ ಬಿದ್ದವನ ಹಾಗೆ ಕಾಣುತ್ತಿದ್ದ. ಬಾಲಚುಕ್ಕಿಯ ಮಾತು ದೂರ ಉಳಿಯಿತು.

ಶಿಕಾರಿಪುರದಲ್ಲಿ ಅವನು ಕಂಡಂತೆ ಒಳ್ಳೆಯ ಗಾಜು ಇದ್ದದ್ದು ಒಂದೇ. ಅವನು ವಿಜ್ಞಾನ ಹೇಳಿಕೊಡುತ್ತಿದ್ದ ಶಾಲೆಯ ಬೀರುವಿನಲ್ಲಿ, ಮಖಮಲ್ಲಿನ ಪೆಟ್ಟಿಗೆಯೊಳಗೆ, ಅಂಗೈಯಗಲದ್ದು. ಕಮಿಟಿಯ ಅಧ್ಯಕ್ಷರಾದ ಅಡಿಕೆ ಮಂಡಿ ವೀರಬಸಪ್ಪನವರು ದಾನ ಕೊಟ್ಟದ್ದು. ಅದು ಬೀರುವಿನಿಂದ ಹೊರಬಂದದ್ದನ್ನು ಯಾರೂ ಕಂಡಿರಲಿಲ್ಲ. ಕೇಳಿದ್ದರೆ ಹೆಡ್ಮಾಸ್ಟರ್ ಆನಂದಪ್ಪನವರು ಕೊಡುತ್ತಿದ್ದರೋ ಇಲ್ಲವೋ, ಮಹೇಶ್ವರಪ್ಪ ಕೇಳಲಿಲ್ಲ. ಜಡೆ ಊರಿನಿಂದ ಬಂದು ವರ್ಷವಾದರೂ ಅವನಿನ್ನೂ ಹಂಗಾಮಿ ಮೇಷ್ಟ್ರು. ಬಾಯಿ ಬಿಟ್ಟು ಕೇಳುವುದು ಅವನಿಗೆ ಚಿಕ್ಕಂದಿನಿಂದಲೂ ಆಗದ ಕೆಲಸ.

ಶಾಲೆಯಲ್ಲಿ ಗಣಪತಿ ಕೂರಿಸುವ ಗಡಿಬಿಡಿ. ಜವಾನ ಪುಟ್ಟಪ್ಪ ಬೀಗದ ಕೈಗೊಂಚಲನ್ನು ಮೊಳೆಗೆ ನೇತುಹಾಕಿ ಗರಿಕೆ ಕೀಳಲು ಹೋಗಿದ್ದ. ಅವನು ತಿರುಗಿ ಬರುವಷ್ಟರಲ್ಲಿ ಗೊಂಚಲು ಮೊಳೆಯಲ್ಲೇ ಇತ್ತು; ಗಾಜು ಮಾತ್ರ ಮಹೇಶ್ವರಪ್ಪನ ಜೇಬಿನಲ್ಲಿತ್ತು. ನಾಳೆ ಎಲ್ಲರಿಗಿಂತ ಮೊದಲು ಬಂದು ಇಟ್ಟುಬಿಟ್ಟರಾಯಿತು.

ಮಧ್ಯಾಹ್ನ ಬಾಡಿಗೆ ಕೋಣೆಯ ಬಾಗಿಲು ಹಾಕಿ ಗಾಜನ್ನು ಕೊಳವೆಗೆ ಕೂರಿಸಿದ. ಕಿಟಕಿಯ ಬಿಸಿಲಿಗೆ ಹಿಡಿದು ಸೂರ್ಯನನ್ನು ಬಿಳಿ ಕಾಗದದ ಮೇಲೆ ಬೀಳಿಸಿದ. ದುಂಡನೆಯ ಬೆಳಕಿನ ನಡುವೆ ಸಾಸಿವೆ ಚೆಲ್ಲಿದಂತೆ ಕಪ್ಪು ಕಲೆಗಳು, ಒಂದೊಂದರ ಅಂಚೂ ಸ್ಪಷ್ಟ. ಅಂಗಳದಲ್ಲಿ ಹೆಜ್ಜೆಯ ಸದ್ದಾಯಿತು. ಅವನು ಕಾಗದವನ್ನು ಮುದುಡಿ ಹಾಸಿಗೆಯ ಕೆಳಗೆ ತಳ್ಳಿದ. ಆಕಾಶ ನೋಡುವ ಕೆಲಸಕ್ಕೆ ಹೆದರಿಕೆ ಸೇರಿಕೊಂಡದ್ದು ಅದೇ ಮೊದಲು.

ಹೊತ್ತು ಮುಳುಗುತ್ತಲೇ ಊರು ಪಡುವಣ ಕಿಟಕಿಗಳನ್ನೆಲ್ಲ ಮುಚ್ಚಿಕೊಂಡಿತು. ಚೌತಿಯ ಚಂದ್ರನನ್ನು ಕಂಡವರಿಗೆ ಮಾಡದ ಕಳ್ಳತನದ ಅಪವಾದ ಬರುತ್ತದೆಂದು ಮಕ್ಕಳನ್ನೂ ಒಳಗೆ ಎಳೆದುಕೊಂಡಿದ್ದರು. ಬಾಲಚುಕ್ಕಿ ಇರಬೇಕಾದದ್ದೂ ಅದೇ ದಿಕ್ಕಿಗೆ, ಚಂದ್ರನಿಂದ ಬಲಕ್ಕೆ. ನರಪಿಳ್ಳೆಯಿಲ್ಲದ ಕೆರೆ ಏರಿಯ ಮೇಲೆ ಮಹೇಶ್ವರಪ್ಪ ಕೊಳವೆಯನ್ನು ಕವೆಗೋಲಿಗೆ ಕಟ್ಟಿಕೊಂಡು ಕೂತ.

ಟವೆಲನ್ನು ಹುಬ್ಬಿನ ತನಕ ಎಳೆದುಕೊಂಡು, ನೆಲವನ್ನೇ ನೋಡುತ್ತ ಪುಟ್ಟಪ್ಪ ಬಂದ.

“ಇದೇನ್ರೀ ಮೇಷ್ಟ್ರೇ, ಇಡೀ ಊರು ಇದ್ದ ಕಣ್ಣು ಮುಚ್ಕಂಡಿದ್ರೆ ನೀವು ಇನ್ನೊಂದು ಕಣ್ಣು ಹಚ್ಕಂಡು ಕುಂತೀರಲ್ಲ! ಮಂಗಳಾರತಿಗೆ ಸಾವ್ಕಾರ್ರು ಬರ್ತಾರಂತೆ, ಏಳ್ರಿ.”

“ತಡಿ ಮಾರಾಯ. ಬಾಲಚುಕ್ಕಿ ಸಿಗೋ ಹಂಗಿದೆ.”

ಸಿಕ್ಕಿತು. ಕತ್ತಲಿಗೆ ಅಂಟಿಕೊಂಡ ಹತ್ತಿಯ ಎಳೆ, ತುದಿಯಲ್ಲೊಂದು ಮಂಕು ಗಂಟು. ಮಹೇಶ್ವರಪ್ಪ ಕೊಳವೆಯಿಂದ ಕಣ್ಣು ತೆಗೆಯಲಿಲ್ಲ.

ಪುಟ್ಟಪ್ಪನಿಗೆ ತಡೆಯಲಾಗಲಿಲ್ಲ. ಬಂದಳಿಕೆ ಊರಿನ ಅವನ ಅಜ್ಜಿ ತಾನು ಕಂಡ ಬಾಲಚುಕ್ಕಿಯ ಸುದ್ದಿಯನ್ನು ಸಾಯುವವರೆಗೂ ಹೇಳಿದವಳು. “ನಂಗೂ ಒಂಚೂರು ತೋರಿಸ್ರಿ. ಚಂದ್ರನ ಕಡಿಗೆ ಮಾತ್ರ ತಿರುಗಿಸಬ್ಯಾಡ್ರಿ ಮತ್ತೆ.”

ಬಗ್ಗುವ ಆತುರದಲ್ಲಿ ಅವನ ಭುಜ ಕೊಳವೆಗೆ ತಗುಲಿತು. ಮರುಗಳಿಗೆಯೇ ಹಾವು ತುಳಿದವನಂತೆ ಹಿಂದಕ್ಕೆ ಹಾರಿದ.

“ಅಯ್ಯಯ್ಯೋ, ಅವನೇ ಬಂದ! ಅದೂ ತಲೆಕೆಳಗಾಗಿ!”

“ಈ ಕೊಳವೇಲಿ ಎಲ್ಲ ತಲೆಕೆಳಗೇ ಕಾಣೋದು, ಪುಟ್ಟಪ್ಪ.”

“ಹಂಗಾರೆ ಅಪವಾದಾನೂ ತಲೆಕೆಳಗೇ ಬರಬೇಕಲ್ರಿ!” ಎಂದು ಪುಟ್ಟಪ್ಪ ನಕ್ಕ. ಶಾಲೆಯ ದಾರಿಯುದ್ದಕ್ಕೂ ಮಾತ್ರ ಮುಖವನ್ನು ಒರೆಸಿಕೊಳ್ಳುತ್ತಲೇ ಇದ್ದ.

ಶಾಲೆಯಲ್ಲಿ ಮಂಗಳಾರತಿ ನಿಂತಿತ್ತು. ಬೀರು ಬಾಯಿ ತೆರೆದಿತ್ತು. ಗಣಪತಿಯ ಎದುರಿನ ಮೇಜಿನ ಮೇಲೆ ಮಖಮಲ್ಲಿನ ಪೆಟ್ಟಿಗೆ, ಖಾಲಿ. ತಾವು ಕೊಟ್ಟದ್ದನ್ನು ಹಬ್ಬಕ್ಕೆ ಬಂದ ಬೀಗರಿಗೆ ತೋರಿಸಲು ವೀರಬಸಪ್ಪನವರು ತಮ್ಮ ಬಳಿಯಿದ್ದ ಬೀಗದ ಕೈಯಿಂದ ಬೀರು ತೆಗೆಸಿದ್ದರು.

“ಇನ್ನೊಂದು ಕೈ ಯಾರ ಹತ್ರ ಇತ್ತೋ?”

“ನನ್ ಹತ್ರಾನೇ ಇತ್ರಿ, ಸಾವ್ಕಾರ್ರೆ,” ಎಂದ ಪುಟ್ಟಪ್ಪ.

“ಹಂಗಾರೆ ಗಾಜಿಗೆ ರೆಕ್ಕೆ ಬಂದ್ವೇನು? ಯಾರಿಗೆ ಮಾರಿದಿ, ಬೊಗಳು. ನಾಳೆಯಿಂದ ಈ ಮೆಟ್ಲು ಹತ್ತಬ್ಯಾಡ ನೀನು.”

ಮಹೇಶ್ವರಪ್ಪನ ಕಂಕುಳಲ್ಲಿ ಕೊಳವೆಯಿತ್ತು, ಅದರ ಬಾಯಿಗೆ ಕರವಸ್ತ್ರ ಕಟ್ಟಿತ್ತು. ಆನಂದಪ್ಪನವರ ನೋಟ ಅದರ ಮೇಲೆ ಬಂದು ಒಂದು ಕ್ಷಣ ನಿಂತಿತು. ಆಮೇಲೆ ಅವರು ದೀಪದ ಬತ್ತಿ ಸರಿಮಾಡಲು ಬಗ್ಗಿದರು.

ಪುಟ್ಟಪ್ಪ ಅಳಲಿಲ್ಲ, ಆಣೆಯಿಡಲಿಲ್ಲ. ಮಹೇಶ್ವರಪ್ಪನ ಕಡೆ ತಿರುಗಿ, ಮಳೆ ಬಂತೆಂದು ಹೇಳುವವನ ಹಾಗೆ ಹೇಳಿದ: “ನೋಡಿದ್ರಾ ಮೇಷ್ಟ್ರೇ? ಮನೆ ಮುಟ್ಟೋ ತಂಕನೂ ಬಿಡಲಿಲ್ಲ ಚಂದ್ರ.”

ಕಳ್ಳನೊಬ್ಬ ಇದ್ದಾನೆಂಬುದೇ ಪುಟ್ಟಪ್ಪನ ಮನಸ್ಸಿಗೆ ಬಂದಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು, ತಪ್ಪು ಆಕಾಶದ ಪಾಲಾಗುತ್ತಿತ್ತು, ಪುಟ್ಟಪ್ಪ ಬಂದಳಿಕೆಗೆ ಹೋಗಿ ಉಳುವವರ ಹಿಂದೆ ಕೂಲಿಗೆ ನಿಲ್ಲುತ್ತಿದ್ದ, ಮಹೇಶ್ವರಪ್ಪನ ಕೆಲಸ ಕಾಯಂ ಆಗುತ್ತಿತ್ತು. ಸುಮ್ಮನಿರುವುದು ಅವನಿಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ.

ಅವನು ಕರವಸ್ತ್ರ ಬಿಚ್ಚಿ, ಗಾಜನ್ನು ಕಳಚಿ ಪೆಟ್ಟಿಗೆಯಲ್ಲಿಟ್ಟ.

“ನಾನು ತಗಂಡಿದ್ದು.”

ಮೊದಲು ಚೇತರಿಸಿಕೊಂಡವರು ಆನಂದಪ್ಪನವರು. “ಇವರೂ ಕೆರೆ ಏರಿ ಮ್ಯಾಲೆ ಚಂದ್ರನ್ನ ನೋಡಿರ್ತಾರೆ ಸಾವ್ಕಾರ್ರೆ, ಅದಕ್ಕೇ ಇವರ ತಲೆಗೂ ಸುತ್ಕಂತು. ಪಾಠಕ್ಕೆ ಅಂತ ತಗಂಡಿರ್ತಾರೆ, ಮನೆತನಸ್ಥರು. ಗಾಜು ಸಿಕ್ತಲ್ಲ. ಚೌತಿ ಕಥೆ ಹೇಳಿ ಇಬ್ಬರಿಗೂ ಅಕ್ಷತೆ ಹಾಕಿಬಿಟ್ರೆ ಅಪವಾದ ಕಳೀತು.”

ವೀರಬಸಪ್ಪನವರು ಗಾಜನ್ನು ದೀಪಕ್ಕೆ ಹಿಡಿದು ನೋಡಿದರು. ಗೀರು ಬಿದ್ದಿರಲಿಲ್ಲ. “ಆಗಲಿ,” ಎಂದರು. ಅಕ್ಷತೆಯ ತಟ್ಟೆ ಬಂತು. ತಪ್ಪಿಸಿಕೊಳ್ಳುವ ಬಾಗಿಲು ಅಷ್ಟು ಅಗಲವಾಗಿ ತೆರೆದಿತ್ತು. ತಲೆ ಬಗ್ಗಿಸಿದರೆ ಮುಗಿಯಿತು.

ಮಹೇಶ್ವರಪ್ಪ ಒಂದು ಹೆಜ್ಜೆ ಹಿಂದೆ ಸರಿದ. “ಪುಟ್ಟಪ್ಪನಿಗೆ ಹಾಕ್ರಿ ಸಾರ್. ನನ್ನ ಮೇಲಿರೋದು ಅಪವಾದ ಅಲ್ಲ.”

ವೀರಬಸಪ್ಪನವರ ಮುಖ ಬಿಗಿಯಿತು. “ಓದಿದ ಸೊಕ್ಕು. ಬೆಳಿಗ್ಗೆ ಜಡೆ ಕಡಿಗೆ ಬಸ್ಸು ಐತಿ, ಹತ್ರಿ.”

ಅಂಗಳದಲ್ಲಿ ಅವನು ಕಾದ. ಮಂಗಳಾರತಿಯ ಗಂಟೆ, ಆಮೇಲೆ ಕಥೆ, ಆಮೇಲೆ ಪ್ರಸಾದ. ಕೂದಲಲ್ಲಿ ಅಕ್ಷತೆ ಅಂಟಿಸಿಕೊಂಡು ಪುಟ್ಟಪ್ಪ ಎಲ್ಲರಿಗಿಂತ ಕೊನೆಗೆ ಹೊರಬಂದ. ಗೊಂಚಲು ಮತ್ತೆ ಅವನ ಸೊಂಟದಲ್ಲಿತ್ತು.

“ಬೆಳಿಗ್ಗೆ ಒಂದ್ ಮಾತು ಕೇಳಿದ್ರೆ ನಾನೇ ತೆಗೆದು ಕೊಡ್ತಿದ್ನಲ್ರೀ,” ಎಂದ. ಚಂದ್ರನ ಮೇಲೆ ಬಾರದಿದ್ದ ಸಿಟ್ಟು ಈಗ ಅವನ ದನಿಯನ್ನು ನಡುಗಿಸುತ್ತಿತ್ತು. “ಚಂದ್ರನ ಕೆಲಸ ಅಂತಲೇ ತಿಳ್ಕಂಡಿದ್ದೆ ನಾನು.”



ಪುಟ್ಟಪ್ಪ ಟವೆಲನ್ನು ಮತ್ತೆ ಹುಬ್ಬಿನ ತನಕ ಎಳೆದುಕೊಂಡು, ನೆಲವನ್ನೇ ನೋಡುತ್ತ ಮಹೇಶ್ವರಪ್ಪನನ್ನು ದಾಟಿ ಹೋದ. ಚಂದ್ರ ಮುಳುಗಿ ಆಗಲೇ ಹೊತ್ತಾಗಿತ್ತು.