ಒಂದು ಕಾಜಕ್ಕೆ ಒಂದು ಪದ್ಯ

"ಅಲ್ಲಾ, ನನ್ನ ಕಾಲು ಎಲ್ಲಿಗೆ ಹೋಯ್ತು?"

ಪರದೆಯ ಹಿಂದೆ ಹೊಸ ಪ್ಯಾಂಟು ಹಾಕಿಕೊಳ್ಳುತ್ತಿದ್ದ ಅಂಚೆಯಣ್ಣ ಯಾರನ್ನೂ ಕುರಿತು ಕೇಳಿದ್ದಲ್ಲ ಅದು. ಟೈಲರನ ಕಿವಿಗೂ ಬೀಳಲಿಲ್ಲ. ಹೊಲಿಗೆ ಯಂತ್ರಕ್ಕೆ ಒರಗಿಸಿಟ್ಟ ಮೊಬೈಲಿನಲ್ಲಿ ಯಾರೋ ಈಜುಕೊಳ ತೋಡುತ್ತಿದ್ದರು. ಅದಕ್ಕೆ ಮುಂಚೆ ಇನ್ಯಾರೋ ಜಮಖಾನ ತೊಳೆದಿದ್ದರು. ಏನಾದರೇನು, ಕಣ್ಣಿಗೊಂದು ಆಟ, ಕಿವಿಗೊಂದು ಸದ್ದು ಇದ್ದರೆ ಸಾಕು. ಹೆಂಡತಿ ತೀರಿಕೊಂಡ ಮೇಲೆ ಅಂಗಡಿಯ ಮೌನವೆಂದರೆ ಅವನಿಗೆ ಸಿಂಹಸ್ವಪ್ನ. ಎದುರಿನ ಮಣೆಯ ಮೇಲೆ ಕೂತು ಅಂಗಿಗಳಿಗೆ ಗುಂಡಿಯ ಕಾಜ ಹಾಕುತ್ತಿದ್ದವಳು ಅವಳು. ಒಂದು ಕಾಜಕ್ಕೆ ಒಂದು ದೇವರ ಪದ್ಯ ಹಾಡುತ್ತಿದ್ದಳು. ಅಂಗಿ ಮುಗಿಯುವಷ್ಟರಲ್ಲಿ ದೇವರು ಅರ್ಧ ಒಲಿದಿರುತ್ತಿದ್ದ. ಈಗ ಕಾಜವಿಲ್ಲದ ಅಂಗಿಗಳು ಕಪಾಟಿನಲ್ಲಿ ಬಾಯಿ ಬಿಡದೆ ಕೂತಿದ್ದವು. ಗಿರಾಕಿಗಳು ಬೇರೆ ಅಂಗಡಿಯ ದಾರಿ ಹಿಡಿದಿದ್ದರು.

ದಬ್ಬೆಂದು ಸದ್ದಾಯಿತು. ಅಂಚೆಯಣ್ಣ ಪರದೆಯ ಸಮೇತ ನೆಲಕ್ಕುರುಳಿದ್ದರು. ಪ್ಯಾಂಟಿನ ಒಂದು ಕಾಲು ಸರಿಯಾಗಿತ್ತು. ಇನ್ನೊಂದರ ತುದಿಯನ್ನು ಟೈಲರ್ ಎರಡೂ ಪದರ ಸೇರಿಸಿ, ಗೋಣಿಚೀಲದಂತೆ ಅಚ್ಚುಕಟ್ಟಾಗಿ ಹೊಲಿದುಬಿಟ್ಟಿದ್ದ.

"ಮಾಸ್ಟ್ರೇ, ನಾನು ಅಳತೆ ಕೊಟ್ಟಿದ್ದು ಪ್ಯಾಂಟಿಗೆ, ಟಪಾಲು ಚೀಲಕ್ಕಲ್ಲ!"

ಟೈಲರ್ ಕಣ್ಣು ಕಣ್ಣು ಬಿಟ್ಟ. ಹೊಟ್ಟೆಯೊಳಗಿಂದ ನಗು ಉಕ್ಕಿ ಬಂತು. ನಗುನಗುತ್ತಲೇ ಅಳು ಬಂತು. ಅವಳು ಹೋದ ದಿನವೂ ಒದ್ದೆಯಾಗದ ಕಣ್ಣು ಈಗ ಕಟ್ಟೆಯೊಡೆಯಿತು. ಅಂಚೆಯಣ್ಣ ಕುಂಟುತ್ತ ಬಂದು ಹೆಗಲ ಮೇಲೆ ಕೈಯಿಟ್ಟರು.

"ಅತ್ಬಿಡಿ. ಪ್ಯಾಂಟಿಗೇನೂ ಅವಸರ ಇಲ್ಲ."

ಸದ್ದು ಕೇಳಿ ಪಕ್ಕದ ಇಸ್ತ್ರಿ ಅಂಗಡಿಯಿಂದ ಟೈಲರನ ಅಕ್ಕ ಓಡಿಬಂದಳು. ಟೈಲರ್ ಮೊಬೈಲನ್ನು ಅವಳ ಕೈಗೆ ತುರುಕಿದ.

"ನಿನ್ನ ಹತ್ರಾನೇ ಇರಲಿ. ಕಾಲು ಹಿಡಿದ್ರೂ ಕೊಡ್ಬೇಡ."

"ಕಾಲು ಹಿಡೀಬೇಡಪ್ಪಾ ಮಾರಾಯ, ಅದನ್ನೂ ಹೊಲಿದುಬಿಟ್ಟೀಯ!"

ಪ್ಯಾಂಟಿನ ಹೊಲಿಗೆ ಬಿಚ್ಚಿ ಸರಿಮಾಡಿ ಅಂಚೆಯಣ್ಣನನ್ನು ಕಳಿಸಿದ ಮೇಲೆ ಟೈಲರ್ ಒಂದು ಅಂಗಿ ಹಿಡಿದು ಹೆಂಡತಿಯ ಮಣೆಯ ಮೇಲೆ ಕೂತ. ಮೊದಲ ಕಾಜ ಸೊಟ್ಟಗಾಯಿತು. ಎರಡನೆಯದರ ನಡುವೆ, ಕರೆಯದೆಯೇ, ಅವಳ ಪದ್ಯ ಬಾಯಿಗೆ ಬಂತು. ಎರಡು ಸಾಲು ಹರಿದು, ಮೂರನೆಯದಕ್ಕೆ ನಾಲಿಗೆ ನಿಂತಿತು. ಮತ್ತೆ ಅದೇ ಮೌನ. ಅಂಗಿಯನ್ನು ಅಲ್ಲೇ ಬಿಟ್ಟು ಪಕ್ಕದಂಗಡಿಗೆ ನಡೆದ.

"ಅಕ್ಕಾ, ಒಂದೇ ನಿಮಿಷ ಮೊಬೈಲ್ ಕೊಡೇ. ಅವಳ ಪದ್ಯದ ಮೂರನೇ ಸಾಲು ಹುಡುಕ್ಬೇಕು."

"ಅದಕ್ಯಾಕೆ ಮೊಬೈಲು? ಇಷ್ಟು ವರ್ಷ ಗೋಡೆ ಈಚೆ ಕೂತು ನಾನು ಕೇಳಿಸ್ಕೊಂಡಿದ್ದೇನು, ಕಾಗೆ ಕೂಗನ್ನೇ?"

ಇಸ್ತ್ರಿಪೆಟ್ಟಿಗೆ ಸರಿಸುತ್ತಲೇ ಅಕ್ಕ ಆ ಸಾಲು ಹೇಳಿದಳು. ಅದೇ ಧಾಟಿ, ಅದೇ ಎಳೆತ. ಟೈಲರ್ ಬಾಗಿಲಲ್ಲೇ ನಿಂತು ನಾಲ್ಕನೆಯದನ್ನು ತಾನೇ ಮುಗಿಸಿದ. ಹೊತ್ತ ಮೂಟೆ ಯಾರೋ ಇಳಿಸಿಕೊಂಡಷ್ಟು ಹಗುರವಾಯಿತು.

ಆದರೂ ಚಾಳಿ ಬಿಡಬೇಕಲ್ಲ. ಕೈ ತಾನಾಗಿ ಮುಂದೆ ಚಾಚಿತು.

"ಹಾಗಾದ್ರೆ... ಮೊಬೈಲು?"

"ಕೊಡಲ್ಲ ಅಂದ್ರೆ ಕೊಡಲ್ಲ."