ಸೋಮವಾರ ತಪ್ಪಿಸಿದ ಗುಳಿಗೆ

ಮಾಘ ಮುಗಿಯುತ್ತ ಬಂದಿತ್ತು, ಸಾಂಗಲಿ ಪೇಟೆಗೆ ಹೊಸ ಅರಿಶಿನ ಇಳಿಯುವ ದಿನಗಳು. ಬೆಳಗಿನ ಹತ್ತು ಗಂಟೆಗೆ ಸುನಂದಾಬಾಯಿ ಮಗ ಈರೇಶನ ಜೊತೆ ಮಿರಜಿನ ಒಂದು ದವಾಖಾನೆಯಲ್ಲಿ ಕುಳಿತಿದ್ದಳು. ಮಗನಿಗೆ ಇಪ್ಪತ್ತೊಂಬತ್ತು. ಸಾಂಗಲಿಯಲ್ಲಿದ್ದ ಮನೆಯ ಅರಿಶಿನದ ಅಡತಿ ಅಂಗಡಿಯಲ್ಲಿ ಆ ತಿಂಗಳು ಎರಡು ಸಲ ಒಬ್ಬ ರೈತನ ಮಾಲನ್ನು ಇನ್ನೊಬ್ಬನ ಹೆಸರಿಗೆ ತೂಗಿಸಿದ್ದ. ಅವನಪ್ಪ ಮಹಾಲಿಂಗಪ್ಪ ಹಮಾಲರ ಎದುರಿಗೇ, "ನಮ್ಮ ಈರ್ಯಾ ನೋಡ್ರಿ, ಎತ್ತರ ಚೀಲದಷ್ಟ, ತಲಿ ಮಾತ್ರ ಗಾಳ್ಯಾಗಿನ ಪತಂಗ" ಎಂದಿದ್ದ. ಎಲ್ಲರ ಜೊತೆ ಈರೇಶನೂ ನಕ್ಕಿದ್ದ. ಮನೆಗೆ ಬಂದು ಉಣ್ಣಲಿಲ್ಲ.

ಡಾಕ್ಟರು ಹಳೆಯ ಚೀಟಿಗಳನ್ನು ನೋಡಿದರು. ಮನಸ್ಸು ಒಂದೆಡೆ ನಿಲ್ಲದ ಹುಡುಗನೆಂದು ಎಂಟನೆಯ ವಯಸ್ಸಿಗೆ ಗುಳಿಗೆ ಶುರುವಾಗಿತ್ತು. ಎರಡು ಸಲ ಡೋಸು ಏರಿತ್ತು. ಹುಡುಗ ಊಟ ಬಿಟ್ಟು ಸೊರಗಿದ ಮೇಲೆ ಹದಿನಾಲ್ಕಕ್ಕೆ ಎಲ್ಲವೂ ನಿಂತಿತ್ತು. ಈಗ ಸಣ್ಣ ಡೋಸಿನಿಂದ ಮತ್ತೆ ನೋಡೋಣವೇ ಎಂದು ಅವರು ಕೇಳಿದರೆ ಈರೇಶ ಒಲ್ಲೆನೆಂದ. ಆರು ವರ್ಷ ನುಂಗಿದರೂ ಹತ್ತಲಿಲ್ಲ, ಔಷಧಕ್ಕೂ ಬಗ್ಗದ ತಲೆ ತನ್ನದು, ಇನ್ನು ಅಡತಿಯನ್ನೇ ಬಿಡುತ್ತೇನೆ ಎಂದ.

ಆಗ ದಿನಾ ಬೆಲ್ಲದ ಚೂರಿನಲ್ಲಿ ಗುಳಿಗೆ ಹುದುಗಿಸಿ ನುಂಗಿಸುತ್ತಿದ್ದವಳು ಸುನಂದಾಬಾಯಿಯೇ. ಸೋಮವಾರ ಅವಳದು ಒಪ್ಪತ್ತು, ಮಗನಿಗೂ ಅದನ್ನೇ ಹಿಡಿಸಿದ್ದಳು. ಆ ದಿನ ಪೂಜೆ ಮುಗಿದ ಮೇಲೆ ಗುಳಿಗೆಯಿಲ್ಲದ ಬರೀ ಬೆಲ್ಲ. ಇದೇನು ಜ್ವರವಲ್ಲವಲ್ಲ, ಶಿವನ ವಾರ ಮೈಗೂ ಒಂದು ದಿನ ಬಿಡುವಿರಲಿ ಎಂದುಕೊಂಡಿದ್ದಳು. ಶಾಲೆಯ ವಾರದ ಪರೀಕ್ಷೆಯೂ ಸೋಮವಾರವೇ ಇರುತ್ತಿತ್ತು. ಆ ಹಾಳೆಗಳನ್ನು ನೋಡಿಯೇ ಗುಳಿಗೆ ಸಾಲದೆಂದು ಆಗಿನ ಡಾಕ್ಟರು ಡೋಸು ಏರಿಸಿದ್ದರು. ಅವಳು ಬಾಯಿ ಬಿಟ್ಟಿರಲಿಲ್ಲ.

"ಸೋಮವಾರ ನಾ ಕೊಡತಿರಲಿಲ್ಲರಿ," ಎಂದಳು ಈಗ. "ಅವನ ತಲಿದು ತಪ್ಪಿಲ್ಲ. ತಪ್ಪ ನಂದರಿ."

ಡಾಕ್ಟರು ಬೈಯಲಿಲ್ಲ. ಉಳಿದ ಆರು ದಿನ ಹೇಗಿರುತ್ತಿದ್ದ ಎಂದು ಕೇಳಿದರು. ಕುಳಿತಲ್ಲಿ ಕುಳಿತು ಬರೆಯುತ್ತಿದ್ದ ಎಂದಳು. ಹಾಗಾದರೆ ಗುಳಿಗೆ ಹತ್ತುತ್ತಿತ್ತು, ಹಸಿವನ್ನು ಕೊಂದದ್ದು ಬಹುಶಃ ಏರಿಸಿದ ಡೋಸು ಎಂದರು ಅವರು. ಅವನ ಗಿಡ್ಡತನದಲ್ಲಿ ಎಷ್ಟು ಆ ಡೋಸಿನದೋ, ಎಷ್ಟು ಮನೆತನದ್ದೋ, ಈಗ ಹೇಳಲು ಬರುವುದಿಲ್ಲವೆಂದರು.

ಬಸ್‌ಸ್ಟ್ಯಾಂಡಿನಲ್ಲಿ ಈರೇಶನೇ ಎರಡು ಚಾ ತಂದ.

"ಡೋಸ ಹೆಚ್ಚ ಮಾಡಿದಾಗರ ಹೇಳಬೇಕಿತ್ತವ್ವ."

"ನಿಮ್ಮಪ್ಪಗ ಹೆದರಿದ್ನಿ. ಆಮ್ಯಾಲ ನಿನಗ ಹೆದರಿದ್ನಿ."

ಅವನು ಚಾ ಪೂರ್ತಿ ಕುಡಿದ. "ಗುಳಿಗಿ ತಗೋತೇನಿ," ಎಂದ. "ಆದ್ರ ನಿನ್ನ ಕೈಯಿಂದ ಬ್ಯಾಡ."

ಅವಳು ಹೂಂ ಎಂದಳು. ಅಡತಿ ಬಿಡುವುದಿಲ್ಲ, ಆದರೆ ಬೇರೆ ಇದ್ದು ದಿನಾ ಮಿರಜಿನಿಂದ ಬಂದುಹೋಗುತ್ತೇನೆ ಎಂದು ಅಪ್ಪನಿಗೂ ಅವನೇ ಹೇಳಿದ. ಮಹಾಲಿಂಗಪ್ಪ ಕೂಗಾಡಿ ಸುಮ್ಮನಾದ. ಫಾಲ್ಗುಣದ ಮೊದಲ ಶುಕ್ರವಾರ ಈರೇಶ ಒಂದು ಟ್ರಂಕು ಹಿಡಿದು ಮಿರಜಿನ ಬಾಡಿಗೆ ಖೋಲಿಗೆ ಹೋದ.