ಜನವರಿಯ ಟೇಪು

ಸೊರೋಟಿ ಪಟ್ಟಣದ ಹಳೆಯ ರೇಡಿಯೊ ಕೋಣೆಯಲ್ಲಿ ಆ ಒಂದು ವರ್ಷದ ಟೇಪುಗಳು ಉದ್ದನೆಯ ಕಪಾಟಿನಲ್ಲಿ ಸಾಲಾಗಿ ನಿಂತಿದ್ದವು. ಚೀಟಿಗಳನ್ನೆಲ್ಲ ಗೆದ್ದಲು ನುಂಗಿ ನೀರು ಕುಡಿದಿತ್ತು. ಯಾವುದು ಯಾವ ವಾರದ್ದೆಂದು ತಿಳಿಯಬೇಕಾದರೆ ಯಂತ್ರಕ್ಕೆ ಹಾಕಿ ಕೇಳಬೇಕು. ಕರೆಂಟಿಲ್ಲ, ಹಳ್ಳಿಯಿಂದ ಬಂದ ಹೆಂಗಸು ಅಸೆಕೆನ್ಯೆ ಬಾಟಲಿಯಲ್ಲಿ ತಂದ ಚೂರು ಪೆಟ್ರೋಲೇ ಜನರೇಟರಿಗೆ ಗತಿ. ಕೋಣೆ ಖಾಲಿ ಮಾಡಲು ನಾಳೆ ಬೆಳಿಗ್ಗೆ ಎಲ್ಲವನ್ನೂ ಸುಡುವವರಿದ್ದರು.

ಅವಳಿಗೆ ಬೇಕಾದದ್ದು ಜನವರಿಯ ಮೊದಲ ವಾರ. ಪಟ್ಟಣದಲ್ಲಿದ್ದ ಗಂಡ ಎಕ್ವಾರು ಶುಭಾಶಯದ ಕಾರ್ಯಕ್ರಮದಲ್ಲಿ ಅವಳ ಹೆಸರು ಹಿಡಿದು ಏನೋ ಹೇಳಿದ್ದನಂತೆ. ಆ ಸಂಜೆ ಅವಳ ರೇಡಿಯೊದ ಬ್ಯಾಟರಿ ಸತ್ತಿತ್ತು. ಏನೆಂದನೆಂದು ಅಕ್ಕಪಕ್ಕದವರಿಗೂ ನೆನಪಿಲ್ಲ. ಆಮೇಲೆ ಊರಿಗೆ ಬಂದದ್ದು ಅವನ ಹೆಣ. ಮಕ್ಕಳಿಲ್ಲದ ಆ ಮನೆಯಲ್ಲಿ, ಇಷ್ಟು ವರ್ಷ ಅವಳನ್ನು ಕೊರೆದದ್ದು ಕೇಳದೆ ಹೋದ ಆ ಮಾತು.

ಕಾವಲುಗಾರ ಒಕಿರೋರ್ ಬಾಗಿಲ ಪಕ್ಕದ ಮೊದಲ ಟೇಪು ಹಾಕಿದ. ಮಾರ್ಚ್ ಎಂದಿತು. ಸಾಲಿನ ನಟ್ಟನಡುವಿನದ್ದು ಹಾಕಿದ. ಆಗಸ್ಟ್.

"ಆಗಸ್ಟ್‌ಗಿಂತ ಜನವರಿ ಮುಂಚೆ ತಾನೆ? ಬಾಗ್ಲ ಕಡೆಗೇ ಹುಡ್ಕೋಣ ಬಾರಮ್ಮ."

"ತಡಿಯಪ್ಪ. ಬಾಗ್ಲಲ್ಲಿರೋದೇ ಮಾರ್ಚು. ಅಲ್ಲಿಂದ ಇಲ್ಲೀವರ್ಗೂ ಸಾಲು ಸರಿಯಾಗಿದ್ರೆ, ನಡುವೆ ಜನವರಿ ಎಲ್ಲಿಂದ ಬರತ್ತೆ?"

"ಮತ್ತೆ ಜನವರೀನ ಇಲಿ ತಿಂತಾ?"

ಅಸೆಕೆನ್ಯೆಗೆ ಅತ್ತೆಮನೆಯ ಅಜೋನ್ ಮಡಕೆ ನೆನಪಾಯಿತು. ಉದ್ದುದ್ದ ಕೊಳವೆ ಹಿಡಿದು, ಅದರ ಸುತ್ತ ವಯಸ್ಸಿನ ಪ್ರಕಾರ ಕೂತು ರಾಗಿ ಬಿಯರು ಹೀರುತ್ತಿದ್ದರು. ಆದರೆ ಮನೆಯ ಹಿರಿಯ ಬಾಗಿಲಲ್ಲಿ ಕೂರುತ್ತಿರಲಿಲ್ಲ, ನೆರಳಿದ್ದ ಕಡೆ ಕೂರುತ್ತಿದ್ದ. ಸಾಲು ಅಲ್ಲಿಂದ ಶುರು.

"ಗಲಾಟೆ ಕಾಲ್ದಲ್ಲಿ ಹೊತ್ತು ತಂದೋರು ಕೈಗೆ ಸಿಕ್ಕಿದ್ರಿಂದ ಶುರು ಮಾಡಿ ಸಾಲಾಗಿ ಜೋಡ್ಸಿದಾರೆ ಕಣಪ್ಪ. ಕಿರಿಯನ ಪಕ್ಕದಲ್ಲೇ ಹಿರಿಯ ಕೂತಿರ್ತಾನೆ, ಡಿಸೆಂಬರ್ ಪಕ್ಕದಲ್ಲೇ ಜನವರಿ. ಆ ಕಡೆ ಅರ್ಧದ ನಡುವಿಂದು ಹಾಕು."

ನವೆಂಬರ್. ಅದರಾಚೆಗೆ ಉಳಿದದ್ದರ ನಡುವಿನದು: ಜನವರಿಯ ಮೂರನೇ ವಾರ. ಅಸೆಕೆನ್ಯೆ ಎರಡು ಟೇಪು ಹಿಂದೆ ಸರಿದು, ಮೊದಲ ವಾರದ್ದನ್ನು ಎತ್ತಿ ಯಂತ್ರಕ್ಕೆ ಹಾಕಿಸಿದಳು.

ಎಕ್ವಾರು ಕೆಮ್ಮಿದ. ಅವನದೇ ಕೆಮ್ಮು! ಚಿಕ್ಕಪ್ಪನಿಗೆ ನಮಸ್ಕಾರ ಹೇಳಿದ, ನೆರೆಮನೆಯವರ ಯೋಗಕ್ಷೇಮ ಕೇಳಿದ. ಆಮೇಲೆ, "ಅಸೆಕೆನ್ಯೆ, ಕೇಳಿಸ್ಕೊಂಡ್ಯಾ? ಅಷ್ಟೇ ಕಣೇ. ಇನ್ನು ರೇಡಿಯೊ ಆರ್ಸು, ಬ್ಯಾಟರಿ ಸುಮ್ನೆ ಹಾಳು. ಬರೋವಾಗ ಹೊಸದು ತರ್ತೀನಿ."

"ಇನ್ನೊಂದ್ಸಲ ಹಾಕ್ಲಾ?" ಎಂದು ಒಕಿರೋರ್ ಟೇಪು ಹಿಂದಕ್ಕೆ ಸುತ್ತುವಷ್ಟರಲ್ಲಿ ಜನರೇಟರು ಗೊರಗುಟ್ಟಿ ನಿಂತಿತು.

ಮನೆಯಲ್ಲಿ ಇದನ್ನು ನುಡಿಸುವ ಯಂತ್ರವಿರಲಿಲ್ಲ. ಆದರೂ ಅವಳು ಟೇಪನ್ನು ತಲೆವಸ್ತ್ರದಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡಳು. ಒಕಿರೋರನಿಗೆ ಕೇಳಿಸದಂತೆ, ಬಗ್ಗಿ ಅದಕ್ಕೇ ಹೇಳಿದಳು:

"ಆರ್ಸಾಯ್ತು ಕಣ್ರೀ."